ಏಟು ಬಿದ್ದ ಮರುದಿನ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ವರದಕ್ಷಿಣೆ, ಮನೆಯೊಳಗಿನ ಹಿಂಸೆ ಬಗ್ಗೆ ಮಾತಾಡಿ ಅಂತ ಕರೆದರೆ ಇವಳು ಸಿನಿಮಾ ಸೀರಿಯಲ್ಲು ಅಂತ ಶುರು ಮಾಡಿದಳಲ್ಲ ಎಂದು ನಿಮಗೆ ಅನ್ನಿಸಬಹುದು. ಕಾನೂನಿನ ವಿಷಯವನ್ನು ಹೋದ ಸಭೆಯಲ್ಲಿ ವಕೀಲರು ಬಂದು ವಿವರವಾಗಿ ಹೇಳಿದ್ದಾರೆ. ನಾನು ಇವತ್ತು ನಮ್ಮೆಲ್ಲರ ಮನೆಗೆ ದಿನಾ ಸಂಜೆ ಬರುವ ನೆಂಟರ ಬಗ್ಗೆ ಮಾತಾಡುತ್ತೇನೆ. ಅವರಿಗೆ ಕಾಫಿ ಕೊಡಬೇಕಾಗಿಲ್ಲ, ಚಾಪೆ ಹಾಸಬೇಕಾಗಿಲ್ಲ. ಟಿವಿಯಲ್ಲಿ ಬರುತ್ತಾರೆ, ಮಗನ ಮೊಬೈಲಿನಲ್ಲಿ ಬರುತ್ತಾರೆ, ಊರಿನ ಟಾಕೀಸಿಗೆ ಬರುತ್ತಾರೆ. ಹೋಗುವಾಗ ಒಂದಿಷ್ಟು ಮಾತು, ಒಂದಿಷ್ಟು ನಡವಳಿಕೆ ನಮ್ಮ ಮನೆಯಲ್ಲಿ ಬಿಟ್ಟು ಹೋಗುತ್ತಾರೆ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ 44 ಮಂದಿ ಗಂಡನಿಂದ ದೈಹಿಕ ಇಲ್ಲವೇ ಲೈಂಗಿಕ ಹಿಂಸೆ ಆಗಿದೆ ಎಂದು ಹೇಳಿದರು. ಇಡೀ ದೇಶದಲ್ಲಿ ಅದೇ ಅತಿ ಹೆಚ್ಚು. ಸಿನಿಮಾ ನೋಡಿ ಗಂಡ ಹೊಡೆದ ಎಂದು ನಾನು ಹೇಳುವುದಿಲ್ಲ. ಸಿನಿಮಾ ಹುಟ್ಟುವ ಮೊದಲೂ ಹೊಡೆಯುತ್ತಿದ್ದರು, ಕರೆಂಟಿಲ್ಲದ ಹಳ್ಳಿಯಲ್ಲೂ ಹೊಡೆಯುತ್ತಿದ್ದರು. ಆದರೆ ಯಾವ ಏಟನ್ನು ಏಟು ಎಂದು ಎಣಿಸಬೇಕು, ಯಾವುದನ್ನು ಪ್ರೀತಿ ಎಂದು ಎಣಿಸಬೇಕು ಎನ್ನುವ ಲೆಕ್ಕವನ್ನು ಈ ಕಥೆಗಳು ನಮಗೂ ನಮ್ಮ ಗಂಡುಮಕ್ಕಳಿಗೂ ಕಲಿಸುತ್ತಿವೆ. ನಾವು ಸಂಘದ ಪುಸ್ತಕದಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದರೆ ಇಡೀ ಸಭೆ ನಿಲ್ಲಿಸಿ ಕೂರುವವರು. ಈ ಲೆಕ್ಕವನ್ನೂ ಸ್ವಲ್ಪ ನೋಡೋಣ.

ನಮ್ಮ ಕನ್ನಡದ್ದೇ ದೊಡ್ಡ ಚಿತ್ರದಿಂದ ಹೊರಡುತ್ತೇನೆ. ಕೆ.ಜಿ.ಎಫ್. ಮೊದಲ ಭಾಗ 2018ರ ಡಿಸೆಂಬರಿನಲ್ಲಿ, ಎರಡನೆಯದು 2022ರ ಏಪ್ರಿಲಿನಲ್ಲಿ ಬಂತು. ಕನ್ನಡ ಚಿತ್ರವೊಂದನ್ನು ದೇಶವೆಲ್ಲ ನೋಡಿತಲ್ಲ ಎಂದು ನನಗೂ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ಅದರಲ್ಲಿ ತಾಯಿಗೆ ಎಂಥ ಸ್ಥಾನ! ಬಡತನದಲ್ಲಿ ಸಾಯುವ ತಾಯಿ ಮಗನಿಂದ ಮಾತು ತೆಗೆದುಕೊಳ್ಳುತ್ತಾಳೆ, ಮಗ ಆ ಮಾತಿಗಾಗಿ ಲೋಕವನ್ನೇ ಎದುರು ಹಾಕಿಕೊಳ್ಳುತ್ತಾನೆ. ರಸ್ತೆಯಲ್ಲಿ ಮಗುವಿಗಾಗಿ ಬನ್ನಿಗೆ ಒದ್ದಾಡುವ ಬಡ ತಾಯಿಯನ್ನು ಕಂಡು ಅವನು ಗಾಡಿಗಳನ್ನೆಲ್ಲ ನಿಲ್ಲಿಸಿಬಿಡುತ್ತಾನೆ. ಅಲ್ಲಿ ಕಣ್ಣು ಒರೆಸಿಕೊಳ್ಳದ ಹೆಂಗಸು ಟಾಕೀಸಿನಲ್ಲಿ ಇರಲಿಲ್ಲ.

ಅದೇ ಮನುಷ್ಯ ಎರಡನೆಯ ಭಾಗದಲ್ಲಿ ರೀನಾ ಎಂಬ ಹುಡುಗಿಯನ್ನು ಅವಳ ಇಷ್ಟ ಕೇಳದೆ ಗಣಿಗೆ ಕರೆತಂದು ಇರಿಸಿಕೊಳ್ಳುತ್ತಾನೆ. ಯಾಕೆ ಅಂದರೆ ಮನರಂಜನೆಗೆ ಎಂಬಂತೆ ಉತ್ತರ ಬರುತ್ತದೆ, ಟಾಕೀಸಿನಲ್ಲಿ ಶಿಳ್ಳೆ. ಆಮೇಲೆ ಅವಳಿಗೂ ಪ್ರೀತಿ ಹುಟ್ಟುತ್ತದೆ. ಹುಟ್ಟಲೇಬೇಕಲ್ಲ, ಕಥೆ ಬರೆದವರು ಹುಟ್ಟಿಸುತ್ತಾರೆ. ಕೊನೆಗೆ ಗರ್ಭಿಣಿಯಾದಾಗ ಶತ್ರು ಅವಳನ್ನು ಗುಂಡಿಟ್ಟು ಕೊಲ್ಲುತ್ತಾನೆ, ನಾಯಕ ಇನ್ನಷ್ಟು ಉಗ್ರನಾಗುತ್ತಾನೆ. ತಾಯಿ ಸತ್ತದ್ದು ಅವನ ಹೊರಡುವಿಕೆಗೆ, ಹೆಂಡತಿ ಸತ್ತದ್ದು ಅವನ ಕೊನೆಯ ಹೋರಾಟಕ್ಕೆ. ಎರಡು ಹೆಣದ ನಡುವೆ ಒಬ್ಬ ವೀರ. (ನಿಜವಾದ ಕೋಲಾರದ ಚಿನ್ನದ ಗಣಿ 2001ರಲ್ಲೇ ಮುಚ್ಚಿತು. ಅಲ್ಲಿಯ ಹೆಂಗಸರೂ ಗಂಡಸರೂ ಬೆಳಗಿನ ಕತ್ತಲಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ಅದಕ್ಕೆ ಶಿಳ್ಳೆ ಹೊಡೆಯುವವರಿಲ್ಲ.)

ಇದು ಕನ್ನಡದ ರೋಗವೇನಲ್ಲ. ಅಮೆರಿಕದ ಕಾಮಿಕ್ಸ್ ಪುಸ್ತಕಗಳಲ್ಲಿ ಇದು ಎಷ್ಟು ಹಳೆಯದೆಂದರೆ ಅದಕ್ಕೆ ಒಂದು ಹೆಸರೇ ಇದೆ. 1994ರಲ್ಲಿ ಗ್ರೀನ್ ಲ್ಯಾಂಟರ್ನ್ ಎಂಬ ಅತಿಮಾನುಷ ವೀರನ ಕಾಮಿಕ್ಸಿನಲ್ಲಿ, ನಾಯಕ ಮನೆಗೆ ಬಂದಾಗ ಅವನ ಗೆಳತಿಯನ್ನು ಕೊಂದು ಫ್ರಿಜ್ಜಿನಲ್ಲಿ ತುರುಕಿಟ್ಟಿರುತ್ತಾರೆ. ಗೇಲ್ ಸಿಮೋನ್ ಎಂಬ ಹೆಣ್ಣುಮಗಳು 1999ರಲ್ಲಿ ಕೂತು, ಹೀಗೆ ಕಾಮಿಕ್ಸುಗಳಲ್ಲಿ ಕೊಲೆಯಾದ, ಅತ್ಯಾಚಾರಕ್ಕೆ ಒಳಗಾದ, ಅಂಗ ಕಳೆದುಕೊಂಡ, ಶಕ್ತಿ ಕಿತ್ತುಕೊಳ್ಳಲ್ಪಟ್ಟ ಹೆಣ್ಣುಗಳ ಪಟ್ಟಿ ಮಾಡಿದಳು. ಪಟ್ಟಿಗೆ ‘ಫ್ರಿಜ್ಜಿನೊಳಗಿನ ಹೆಂಗಸರು’ ಎಂದು ಹೆಸರಿಟ್ಟಳು. ನಾಯಕನಿಗೆ ಸಿಟ್ಟು ಬರಿಸಲಿಕ್ಕೆ ಒಂದು ಹೆಣ್ಣು ಸಾಯಬೇಕು. ಅಲ್ಲಿಗೆ ಅವಳ ಕೆಲಸ ಮುಗಿಯಿತು. ಅವಳಿಗೆ ಏನಾಯಿತು ಎಂಬ ಕಥೆ, ಅವಳಿಂದ ಅವನಿಗೆ ಏನಾಯಿತು ಎಂಬ ಕಥೆಯಾಗಿ ಬದಲಾಗುತ್ತದೆ. ನಮ್ಮ ಹಳೆಯ ಚಿತ್ರಗಳಲ್ಲಿ ನಾಯಕನಿಗೆ ಒಬ್ಬ ತಂಗಿ ಇದ್ದಳೆಂದರೆ ಇಡೀ ಟಾಕೀಸಿಗೆ ಮೊದಲೇ ಗೊತ್ತಾಗುತ್ತಿತ್ತು, ಪಾಪ, ಮಧ್ಯಂತರದ ಹೊತ್ತಿಗೆ ಇವಳ ಗತಿ ಮುಗಿಯಿತು ಅಂತ.

ನಮ್ಮ ಠಾಣೆಗಳಲ್ಲೂ ಇದನ್ನು ಕಂಡಿದ್ದೇನೆ. ವರದಕ್ಷಿಣೆ ಸಾವಿನ ಪ್ರಕರಣದಲ್ಲಿ ಹುಡುಗಿಯ ಅಣ್ಣತಮ್ಮಂದಿರು ಬಂದು ಕೂಗಾಡುತ್ತಾರೆ, ಅವನನ್ನು ಬಿಡುವುದಿಲ್ಲ, ಕೈಕಾಲು ಮುರಿಯುತ್ತೇವೆ ಅಂತ. ಆರು ತಿಂಗಳ ಹಿಂದೆ ಅದೇ ತಂಗಿ ಚೀಲ ಹಿಡಿದುಕೊಂಡು ತವರಿನ ಬಾಗಿಲಿಗೆ ಬಂದಾಗ, ಹೊಂದಿಕೊಂಡು ಹೋಗು ಎಂದು ಬಸ್ಸು ಹತ್ತಿಸಿದವರೂ ಅವರೇ. ಅವರ ದುಃಖ ಸುಳ್ಳಲ್ಲ. ಆದರೆ ಸತ್ತ ತಂಗಿಗಾಗಿ ಹೊಡೆದಾಡುವುದಕ್ಕೆ ಎಷ್ಟು ಪಾಠ ಆಗಿದೆಯೋ ಬದುಕಿರುವ ತಂಗಿಗೆ ಒಂದು ಕೋಣೆ ಬಿಟ್ಟುಕೊಡುವುದಕ್ಕೆ ಅಷ್ಟು ಪಾಠ ಆಗಿಲ್ಲ. 2021ರಲ್ಲೂ 2022ರಲ್ಲೂ ದೇಶದಲ್ಲಿ ವರ್ಷಕ್ಕೆ ಆರು ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವು ದಾಖಲಾಗಿವೆ. ದಾಖಲಾದದ್ದು ಅಷ್ಟು.

ಹಿಂದಿಯ ಅನಿಮಲ್ ಎಂಬ ಚಿತ್ರ 2023ರ ಡಿಸೆಂಬರಿನಲ್ಲಿ ಬಂತು. ನಮ್ಮ ಕೊಡಗಿನ ಹುಡುಗಿ ರಶ್ಮಿಕಾ ಮಂದಣ್ಣ ಅದರಲ್ಲಿ ನಾಯಕನ ಹೆಂಡತಿ. ಒಂಬೈನೂರು ಕೋಟಿಗಿಂತ ಹೆಚ್ಚು ಗಳಿಸಿತು. ವಯಸ್ಕರಿಗೆ ಮಾತ್ರ ಎಂಬ ಪ್ರಮಾಣಪತ್ರ ಇದ್ದರೂ, ಮೊಬೈಲಿನಲ್ಲಿ ಬಂದ ಮೇಲೆ ಯಾವ ವಯಸ್ಸಿನವರು ನೋಡಿದರು ಎಂದು ಕೇಳುವವರಿಲ್ಲ. ಅದರ ನಾಯಕ ಶಾಲೆಯ ಹುಡುಗನಾಗಿದ್ದಾಗಲೇ, ಅಕ್ಕನನ್ನು ಕಾಲೇಜಿನಲ್ಲಿ ಸತಾಯಿಸಿದರೆಂದು ಬಂದೂಕು ಹಿಡಿದು ಅವಳ ತರಗತಿಗೇ ನುಗ್ಗುತ್ತಾನೆ. ಆಹಾ, ಎಂಥ ತಮ್ಮ ಅನ್ನಿಸಬೇಕು ನಮಗೆ. ಮುಂದೆ ಅದೇ ತಮ್ಮ ಅದೇ ಅಕ್ಕನ ಗಂಡನನ್ನು ದ್ರೋಹಿ ಎಂದು ತಾನೇ ತೀರ್ಮಾನಿಸಿ ಕೊಲ್ಲುತ್ತಾನೆ. ಅಕ್ಕನನ್ನು ಒಂದು ಮಾತು ಕೇಳುವುದಿಲ್ಲ. ಹೆಂಡತಿಯ ಒಳಉಡುಪಿನ ಪಟ್ಟಿಯನ್ನು ಗಾಯವಾಗುವಂತೆ ಎಳೆದು ಬಿಡುತ್ತಾನೆ. ಇನ್ನೊಬ್ಬಳಿಗೆ, ನನ್ನ ಮೇಲೆ ಪ್ರೀತಿ ಇದ್ದರೆ ಬೂಟು ನೆಕ್ಕು ಎನ್ನುತ್ತಾನೆ.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಕ್ಕನನ್ನು ಕಾಯುವ ಕೈ, ಹೆಂಡತಿಯನ್ನು ನೋಯಿಸುವ ಕೈ, ಎರಡೂ ಒಂದೇ. ನಮ್ಮವಳು ಎನ್ನುವ ಅಧಿಕಾರದಿಂದಲೇ ಕಾಯುವುದು, ಅದೇ ಅಧಿಕಾರದಿಂದಲೇ ಹೊಡೆಯುವುದು. ನಮ್ಮಲ್ಲಿ ಎಷ್ಟೋ ತಾಯಂದಿರು ಮಗಳಿಗೆ ಗಂಡು ನೋಡುವಾಗ, ಹುಡುಗ ಸ್ವಲ್ಪ ಮುಂಗೋಪಿ, ಆದರೆ ಮನೆಯವರ ತಂಟೆಗೆ ಯಾರಾದರೂ ಬಂದರೆ ಬಿಡುವವನಲ್ಲ ಎಂದು ಹೆಮ್ಮೆಯಿಂದ ಹೇಳುತ್ತೀರಿ. ಆ ಮುಂಗೋಪ ಹೊಸಿಲಿನ ಹೊರಗಷ್ಟೇ ನಿಲ್ಲುತ್ತದೆಯೇ?

ತೆಲುಗಿನ ಪುಷ್ಪ 2021ರ ಕೊನೆಗೆ ಬಂದು ನಮ್ಮೂರುಗಳಲ್ಲೂ ಓಡಿತು. ಅದರಲ್ಲಿ ನಾಯಕ ಹುಡುಗಿ ತನ್ನ ಕಡೆ ಒಂದು ಸಲ ನೋಡಲಿ ಎಂದು ಒಂದು ಸಾವಿರ, ಒಂದು ಮುತ್ತು ಕೊಡಲಿ ಎಂದು ಐದು ಸಾವಿರ ರೂಪಾಯಿ ಕೊಡಿಸುತ್ತಾನೆ. ಅದು ತಮಾಷೆ. ಅದೇ ಹುಡುಗಿಯನ್ನು ಇನ್ನೊಬ್ಬ ಅವಳ ತಂದೆಯ ಪ್ರಾಣದ ಬೆದರಿಕೆ ಹಾಕಿ ಕರೆಸಿಕೊಳ್ಳಲು ನೋಡುತ್ತಾನೆ. ಅದು ಅಪರಾಧ. ಅವನನ್ನು ನಾಯಕ ಬಡಿಯುತ್ತಾನೆ. ಇಬ್ಬರ ನಡುವೆ ವ್ಯತ್ಯಾಸ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಇಬ್ಬರ ಲೆಕ್ಕದಲ್ಲೂ ಅವಳಿಗೊಂದು ಬೆಲೆ ಇದೆ, ಒಬ್ಬ ನಗದು ಕೊಟ್ಟ, ಇನ್ನೊಬ್ಬ ಬಿಟ್ಟಿ ಕೇಳಿದ. ವರದಕ್ಷಿಣೆಯ ಬಗ್ಗೆ ಮಾತಾಡುವ ನಮಗೆ ಹೆಣ್ಣಿನ ಮೇಲೆ ಬೆಲೆಚೀಟಿ ಕಂಡ ಕೂಡಲೇ ಕಿವಿ ನೆಟ್ಟಗಾಗಬೇಕು. ಇನ್ನೊಂದು ಮಾತು. ಇಂಥ ಚಿತ್ರಗಳಲ್ಲಿ ನಾಯಕ ಬೈಕಿನ ಮೇಲೆ ಬರುತ್ತಾನೆ. ಆ ಬೈಕು ಯಾರ ದುಡ್ಡಿನದು ಎಂದು ಚಿತ್ರ ಹೇಳುವುದಿಲ್ಲ. ನಮ್ಮ ಕಡೆ ಆದರೆ ಹೇಳಬಹುದು, ಹುಡುಗಿಯ ತಾಯಿ ಸಂಘದಲ್ಲಿ ಎತ್ತಿದ ಸಾಲದ್ದು. ಸಾಲದ ಅರ್ಜಿಯಲ್ಲಿ ಹೈನುಗಾರಿಕೆ ಎಂದು ಬರೆದಿರುತ್ತದೆ, ಕೊಟ್ಟಿಗೆಯಲ್ಲಿ ಹಸು ಇರುವುದಿಲ್ಲ, ಅಳಿಯನ ಮನೆ ಮುಂದೆ ಬೈಕು ಇರುತ್ತದೆ. ನಗುತ್ತಿದ್ದೀರಿ, ಗೊತ್ತಿರುವವರೇ ನಗುತ್ತಿದ್ದೀರಿ.

ಈಗ ಸೀರಿಯಲ್ಲಿಗೆ ಬರುತ್ತೇನೆ. ಇಲ್ಲಿ ನನಗೆ ಹೇಳುವುದು ಹೆಚ್ಚಿದೆ.

2024ರ ಜನವರಿಯಲ್ಲಿ ಶುರುವಾದ ಲಕ್ಷ್ಮೀ ನಿವಾಸ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಅದರಲ್ಲಿ ಜಯಂತ್ ಎಂಬ ಗಂಡ, ಜಾಹ್ನವಿ ಎಂಬ ಹೆಂಡತಿ. ಅವನು ಅವಳನ್ನು ಚಿನ್ನುಮರಿ ಎಂದು ಕರೆಯುತ್ತಾನೆ. ಹೊಡೆಯುವುದಕ್ಕೆ ಬದಲು ಮುದ್ದು ಮಾಡುತ್ತಾನೆ. ಮನೆಯೊಳಗೆ ಕ್ಯಾಮೆರಾ ಇಟ್ಟು ಅವಳು ಯಾರ ಜೊತೆ ಮಾತಾಡಿದಳು, ಏನು ಮಾಡಿದಳು ಎಂದು ನೋಡುತ್ತಾನೆ. ಅವಳ ಪ್ರೀತಿ ತನ್ನೊಬ್ಬನಿಗೇ ಇರಬೇಕು, ತವರಿನವರಿಗೂ ಹೋಗಬಾರದು. ಊರೆಲ್ಲ ಆ ಚಿನ್ನುಮರಿ ಎಂಬ ಮಾತನ್ನು ಹಿಡಿದು ನಗಾಡಿತು. ಹುಡುಗರು ಒಬ್ಬರನ್ನೊಬ್ಬರು ಹಾಗೆ ಕರೆದುಕೊಂಡರು.

ಕಥೆಯನ್ನು ಎಳೆಯುತ್ತಾರೆ, ಸಂಗೀತ ಕಿವಿ ಒಡೆಯುತ್ತದೆ, ಇದ್ದಕ್ಕಿದ್ದಂತೆ ಯಾರೋ ಸಮುದ್ರಕ್ಕೆ ಬೀಳುತ್ತಾರೆ, ಬದುಕುತ್ತಾರೆ, ಅದೆಲ್ಲ ಇರಲಿ. ಆದರೆ ಈ ಗಂಡನನ್ನು ತೋರಿಸಿದ್ದು ಒಳ್ಳೆಯದೇ ಆಯಿತು ಎಂದು ನನ್ನ ಅಭಿಪ್ರಾಯ. ನಮ್ಮ ಸಲಹಾ ಕೇಂದ್ರಕ್ಕೆ ಬಂದ ಒಬ್ಬ ಹುಡುಗಿಗೆ ತನ್ನ ಕಷ್ಟ ಹೇಳಿಕೊಳ್ಳಲು ಬಾಯಿಯೇ ಬರುತ್ತಿರಲಿಲ್ಲ. ಮೈಮೇಲೆ ಗಾಯವಿಲ್ಲ. ಗಂಡ ಕುಡಿಯುವುದಿಲ್ಲ, ವರದಕ್ಷಿಣೆ ಕೇಳಿಲ್ಲ, ಸೀರೆ ತರುತ್ತಾನೆ. ಗಂಟೆಗೊಂದು ಸಲ ವಿಡಿಯೊ ಕರೆ ಮಾಡುತ್ತಾನೆ, ಅಡುಗೆಮನೆ ತೋರಿಸು, ಹಿತ್ತಿಲು ತೋರಿಸು, ಪಕ್ಕದಲ್ಲಿ ಯಾರಿದ್ದಾರೆ ತೋರಿಸು ಅನ್ನುತ್ತಾನೆ. ತಾಯಿಗೆ ಹೇಳಿದರೆ, ಅಷ್ಟು ಪ್ರೀತಿ ಮಾಡುವ ಗಂಡ ಸಿಕ್ಕಿದ್ದಕ್ಕೆ ಪುಣ್ಯ ಮಾಡಿದ್ದೆ ಅನ್ನುತ್ತಾಳೆ. ಕೊನೆಗೆ ಆ ಹುಡುಗಿ ನನಗೆ ಹೇಳಿದ್ದು ಇಷ್ಟೇ: “ಮೇಡಂ, ನಮ್ಮ ಮನೆಯವರು ಆ ಜಯಂತ್ ಥರ.” ಅಲ್ಲಿಗೆ ನನಗೆ ಅರ್ಥವಾಯಿತು, ಜೊತೆಗೆ ಬಂದಿದ್ದ ಅವಳ ಅತ್ತಿಗೆಗೂ ಅರ್ಥವಾಯಿತು. ಹೆಸರಿಲ್ಲದ ಸಂಕಟಕ್ಕೆ ಒಂದು ಹೆಸರು ಸಿಕ್ಕಿದಂತಾಯಿತು. ಅದನ್ನು ಸೀರಿಯಲ್ಲು ಕೊಟ್ಟಿದ್ದರೆ ಬೇಡವೆನ್ನಲು ನಾನು ಯಾರು?

2006ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಇದಕ್ಕೂ ಜಾಗ ಇದೆ. ಮೈಮೇಲೆ ಗಾಯ ಇರಲೇಬೇಕು ಎಂದಿಲ್ಲ. ಬೈಗುಳ, ಅವಮಾನ, ಮಾನಸಿಕ ಹಿಂಸೆ, ದುಡ್ಡು ಕೊಡದೆ ಸತಾಯಿಸುವುದು, ಎಲ್ಲವೂ ಹಿಂಸೆಯೇ. ನಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿಯ ವಿಷಯಕ್ಕೆ ನೀವು ಆ ಕಚೇರಿಗೆ ಹೋಗುತ್ತೀರಲ್ಲ, ಅದೇ ಕಚೇರಿ, ಅದೇ ಬಾಗಿಲು.

ಇದೇ ಜಯಂತನ ಅಣ್ಣನಂಥವನು ಅಮೆರಿಕದ ಒಂದು ಧಾರಾವಾಹಿಯಲ್ಲಿ ಇದ್ದಾನೆ. ಅದು 2015ರಲ್ಲಿ ಬಂದದ್ದು, ಜೆಸಿಕಾ ಜೋನ್ಸ್ ಅಂತ, ಕಾಮಿಕ್ಸ್ ಪುಸ್ತಕದಿಂದ ತೆಗೆದದ್ದು. ನನ್ನ ಸೋದರ ಸೊಸೆ ತೋರಿಸಿದಳು, ಅವಳೇ ಮಾತಿನ ಅರ್ಥವನ್ನೂ ಹೇಳಿದಳು. ಜೆಸಿಕಾಗೆ ಅತಿಮಾನುಷ ಬಲ ಇದೆ, ಗಂಡಸರನ್ನು ಎತ್ತಿ ಒಗೆಯಬಲ್ಲಳು. ಅವಳನ್ನು ಒಬ್ಬ ಕಿಲ್‌ಗ್ರೇವ್ ಎಂಬುವನು ತಿಂಗಳುಗಟ್ಟಲೆ ಹಿಡಿತದಲ್ಲಿ ಇಟ್ಟುಕೊಂಡಿದ್ದ. ಅವನಿಗೆ ಇರುವ ಶಕ್ತಿ ಒಂದೇ, ಅವನು ಬಾಯಲ್ಲಿ ಹೇಳಿದ್ದನ್ನು ಕೇಳಿದವರು ಮಾಡಲೇಬೇಕು. ನಗು ಅಂದರೆ ನಗಬೇಕು. ಬಂಡೆ ಎತ್ತುವ ಹೆಣ್ಣು ಒಬ್ಬ ಸಣಕಲನ ಮಾತಿಗೆ ನಗುತ್ತಾ ಕೂರುತ್ತಾಳೆ. ನೋಡುತ್ತಾ ನನಗೆ, ನಲವತ್ತು ಕೆ.ಜಿ. ಮೂಟೆ ತಲೆಯ ಮೇಲೆ ಹೊತ್ತು ಹೊಲದಿಂದ ಬರುವ ನಮ್ಮ ಹೆಂಗಸರು ನೆನಪಾದರು. ಮನೆಯ ಬಾಗಿಲಲ್ಲಿ ಗಂಡ ಕೆಮ್ಮಿದರೆ ಸಾಕು, ಕೈಕಾಲು ಸೋಲುತ್ತವೆ. ಅವಳಿಗೇನು ಬಲವಿಲ್ಲವೇ, ತಿರುಗಿ ಬೀಳಬಾರದೇ ಎಂದು ಕೇಳುವವರಿಗೆ ಈ ಕಥೆ ತೋರಿಸಬೇಕು.

ಅದರಲ್ಲಿ ಅವನು ಅವಳು ಹುಟ್ಟಿ ಬೆಳೆದ ಮನೆಯನ್ನೇ ಕೊಂಡು, ಮೊದಲು ಹೇಗಿತ್ತೋ ಹಾಗೆ ಸಿಂಗರಿಸಿ, ಇಲ್ಲಿ ನನ್ನ ಜೊತೆ ಇರು ಅನ್ನುತ್ತಾನೆ. ನೀನು ನನ್ನ ಮೇಲೆ ಅತ್ಯಾಚಾರ ಮಾಡಿದೆ ಎಂದು ಅವಳು ಮುಖಕ್ಕೆ ಹೇಳಿದರೆ ಅವನಿಗೆ ನಿಜವಾಗಿಯೂ ಆಶ್ಚರ್ಯ. ದೊಡ್ಡ ಹೋಟೆಲಿನಲ್ಲಿ ಇರಿಸಿದ್ದೆ, ಒಳ್ಳೆಯ ಊಟ ಹಾಕಿಸಿದ್ದೆ, ಇದು ಹೇಗೆ ಅತ್ಯಾಚಾರ ಅನ್ನುತ್ತಾನೆ. ಅನ್ನ ಹಾಕಿಲ್ವಾ, ಬಟ್ಟೆ ತಂದಿಲ್ವಾ, ಇನ್ನೇನು ಬೇಕಿತ್ತು ಇವಳಿಗೆ? ಎಷ್ಟು ಪಂಚಾಯ್ತಿಯಲ್ಲಿ ಈ ಮಾತು ಕೇಳಿದ್ದೇವೆ ಹೇಳಿ.

ಹಾಗಾದರೆ ಹೆಣ್ಣು ತಿರುಗಿಸಿ ಹೊಡೆದರೆ? ನಮ್ಮ ಮಾಲಾಶ್ರೀ ಅವರನ್ನು ನೆನೆಸಿಕೊಳ್ಳಿ. 1989ರ ನಂಜುಂಡಿ ಕಲ್ಯಾಣದಲ್ಲಿ ಸೊಕ್ಕಿನ ಹುಡುಗಿ, ಅವಳನ್ನು ಗಂಡ ಪಳಗಿಸಬೇಕು. ಆಮೇಲೆ ಅದೇ ನಟಿ ಪೊಲೀಸ್ ಉಡುಪು ಹಾಕಿಕೊಂಡು, ದುರ್ಗಿಯಾಗಿ ಮಚ್ಚು ಹಿಡಿದು ಗಂಡಸರನ್ನು ಚಚ್ಚಿದರು, ನಾವು ಕುರ್ಚಿಯ ಮೇಲೆ ಹತ್ತಿ ಚಪ್ಪಾಳೆ ಹೊಡೆದೆವು. ಖುಷಿಯೇ. ಆದರೆ ಆ ಚಿತ್ರಗಳಲ್ಲಿ ಹೊಡೆಸಿಕೊಳ್ಳುವವರು ರೌಡಿಗಳು, ರಾಜಕಾರಣಿಗಳು. ಮನೆಯ ಗಂಡನಿಗೆ ಹೊಡೆಯುವ ಚಿತ್ರ ನಾನು ನೋಡಿದ್ದು ಮಲಯಾಳದಲ್ಲಿ. 2022ರ ಜಯ ಜಯ ಜಯ ಜಯ ಹೇ. ಓದಬೇಕೆಂದಿದ್ದ ಜಯಾಳನ್ನು ಕೋಳಿ ಸಾಕಣೆಯವನಿಗೆ ಕೊಟ್ಟು ಮದುವೆ ಮಾಡುತ್ತಾರೆ. ಅವನಿಗೆ ದಿನಾ ಒತ್ತು ಶಾವಿಗೆಯೇ ಆಗಬೇಕು. ಮಾತಿಗೊಂದು ಕಪಾಳಕ್ಕೆ ಹೊಡೆಯುತ್ತಾನೆ, ಆಮೇಲೆ ಹೋಟೆಲಿಗೆ ಕರೆದುಕೊಂಡು ಹೋಗಿ ತಿನ್ನಿಸುತ್ತಾನೆ. ತವರಿನಲ್ಲಿ ಹೊಂದಿಕೋ ಅನ್ನುತ್ತಾರೆ. ಅವಳು ಯಾರಿಗೂ ಹೇಳದೆ ಮೊಬೈಲ್ ನೋಡಿ ಕರಾಟೆಯಂಥ ಹೊಡೆದಾಟ ಕಲಿಯುತ್ತಾಳೆ. ಒಂದು ದಿನ ಅವನ ಕೈ ಎದ್ದಾಗ ಇವಳ ಕಾಲು ಏಳುತ್ತದೆ.

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಆದರೆ ಆ ಚಿತ್ರದವರು ಅಲ್ಲಿಗೆ ನಿಲ್ಲಿಸಲಿಲ್ಲ ನೋಡಿ, ಅದಕ್ಕೇ ನನಗೆ ಅವರ ಮೇಲೆ ಗೌರವ. ಒದೆಸಿಕೊಂಡ ಗಂಡ ತಾನೂ ಗುಟ್ಟಾಗಿ ಕರಾಟೆ ಕಲಿತು ಬರುತ್ತಾನೆ. ಮುಂದಿನ ಜಗಳದಲ್ಲಿ ಅವನ ಒದೆತಕ್ಕೆ ಅವಳ ಗರ್ಭ ಹೋಗುತ್ತದೆ. ಟಾಕೀಸಿನಲ್ಲಿ ನಗು ಅಲ್ಲಿಗೆ ನಿಂತುಹೋಗುತ್ತದೆ. ಹೊಡೆತಕ್ಕೆ ಹೊಡೆತ ಎಂದು ಹೊರಟರೆ ಹೆಚ್ಚು ಹೊಡೆಯಬಲ್ಲವನು ಗೆಲ್ಲುತ್ತಾನೆ. ಜಯಾ ನಿಜವಾಗಿ ಗೆಲ್ಲುವುದು ಅವನ ಮನೆ ಬಿಟ್ಟು, ಕೋರ್ಟಿಗೆ ಹೋಗಿ, ಅವನದೇ ಕೋಳಿ ವ್ಯಾಪಾರದಲ್ಲಿ ಅವನನ್ನು ಮೀರಿಸಿದ ಮೇಲೆ. ಕೋಳಿ ವ್ಯಾಪಾರ ಅಂದರೆ ಏನು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ, ಇಲ್ಲಿ ಮೂರು ಸಂಘದವರು ಅದನ್ನೇ ಮಾಡುತ್ತಿದ್ದೀರಿ.

ಹೊಡೆದಾಟದ ಚಿತ್ರಗಳಲ್ಲಿ ಏಟು ಬಿದ್ದ ಮರುದಿನ ಬರುವುದೇ ಇಲ್ಲ. ಮರುದಿನ ಊದಿದ ಮುಖ ಹೊತ್ತು ನೀರಿಗೆ ಹೋಗಬೇಕು, ಮಕ್ಕಳಿಗೆ ಬುತ್ತಿ ಕಟ್ಟಬೇಕು, ಕೇಳಿದವರಿಗೆ ಬಚ್ಚಲಲ್ಲಿ ಜಾರಿದೆ ಎನ್ನಬೇಕು. ಹಿಂದಿಯಲ್ಲಿ 2020ರಲ್ಲಿ ಬಂದ ಥಪ್ಪಡ್ ಇಡೀ ಚಿತ್ರವೇ ಮರುದಿನದ ಬಗ್ಗೆ. ಒಂದೇ ಒಂದು ಕಪಾಳಮೋಕ್ಷ, ಅದೂ ಮನೆಯಲ್ಲಿ ಔತಣದ ದಿನ, ಎಲ್ಲರ ಎದುರಿಗೆ. ಒಂದೇ ಏಟಿಗೆ ಯಾರಾದರೂ ಗಂಡನನ್ನು ಬಿಡುತ್ತಾರೆಯೇ ಎಂದು ಎಲ್ಲರೂ ಕೇಳುತ್ತಾರೆ, ಅವಳ ತಾಯಿಯೂ. ಶ್ರೀಮಂತರ ಮನೆಯ ಕಥೆ, ಅವಳಿಗೆ ಹೋಗಲು ತವರಿತ್ತು, ನಮ್ಮಲ್ಲಿ ಎಲ್ಲರಿಗೂ ಎಲ್ಲಿದೆ ಎಂದು ನೀವು ಹೇಳಬಹುದು. ಸರಿಯಾದ ಮಾತು. ಆದರೂ ಒಂದು ಏಟನ್ನೂ ಲೆಕ್ಕಕ್ಕೆ ಬರೆದುಕೊಂಡ ಚಿತ್ರ ಅದು.

ಇನ್ನು ತೆರೆಯ ಹೊರಗಿನ ಒಂದು ಸಂಗತಿ. 2011ರ ಸೆಪ್ಟೆಂಬರಿನಲ್ಲಿ ನಟ ದರ್ಶನ್ ಅವರನ್ನು ಅವರ ಹೆಂಡತಿ ಕೊಟ್ಟ ಹಲ್ಲೆಯ ದೂರಿನ ಮೇಲೆ ಪೊಲೀಸರು ಬಂಧಿಸಿದರು. ಆಮೇಲೆ ಆಕೆ ದೂರಿನಿಂದ ಹಿಂದೆ ಸರಿದರು, ರಾಜಿಯಾಯಿತು. ಅವರ ಸಂಸಾರದ ತೀರ್ಪು ಕೊಡಲು ನಾನು ಇಲ್ಲಿ ನಿಂತಿಲ್ಲ. ಆಗ ಸುತ್ತಲಿನ ಲೋಕ ಏನು ಮಾಡಿತು ಎಂಬುದನ್ನು ಮಾತ್ರ ನೋಡಿ. ಅವರು ಜೈಲಿನಲ್ಲಿದ್ದಾಗಲೇ ಸಾರಥಿ ಚಿತ್ರ ಬಿಡುಗಡೆಯಾಗಿ ಭರ್ಜರಿಯಾಗಿ ಓಡಿತು. ನಿರ್ಮಾಪಕರ ಸಂಘ ಕ್ರಮ ತೆಗೆದುಕೊಂಡಿತು. ಯಾರ ಮೇಲೆ? ನಿಕಿತಾ ಎಂಬ ಇನ್ನೊಬ್ಬ ನಟಿಯ ಮೇಲೆ! ಆ ಸಂಸಾರದ ಜಗಳಕ್ಕೆ ಅವರೇ ಕಾರಣವೆಂದು ಮೂರು ವರ್ಷ ಚಿತ್ರಗಳಲ್ಲಿ ನಟಿಸಬಾರದೆಂದು ನಿಷೇಧ ಹಾಕಿತು. ಎಲ್ಲ ಕಡೆಯಿಂದ ವಿರೋಧ ಬಂದ ಮೇಲೆ ಆ ನಿಷೇಧ ವಾಪಸಾಯಿತು. ಗಂಡ ಹೊಡೆದ ಎಂಬ ದೂರು ಬಂದರೆ ಶಿಕ್ಷೆ ಕೊಡಲು ಮೊದಲು ಇನ್ನೊಬ್ಬ ಹೆಣ್ಣನ್ನು ಹುಡುಕುವುದು. ಇದು ಗಾಂಧಿನಗರದಲ್ಲಿ ಮಾತ್ರ ನಡೆಯುವುದೇ? ಊರಿನಲ್ಲಿ ಗಂಡ ದಾರಿ ತಪ್ಪಿದರೆ ನಾವು ಯಾರ ಮನೆ ಮುಂದೆ ಹೋಗಿ ಮಣ್ಣು ತೂರುತ್ತೇವೆ?

ಅತಿಮಾನುಷ ಹೆಣ್ಣುಗಳ ವಿಷಯ ಬಾಕಿ ಇದೆ. ನಿಮ್ಮ ಮೊಮ್ಮಕ್ಕಳು ಹೆಸರು ಹೇಳುವ ವಂಡರ್ ವುಮನ್ 1941ರಲ್ಲೇ ಅಮೆರಿಕದ ಕಾಮಿಕ್ಸಿನಲ್ಲಿ ಹುಟ್ಟಿದವಳು. ಗುಂಡನ್ನು ಕೈಬಳೆಯಲ್ಲಿ ತಡೆಯುತ್ತಾಳೆ. ಆದರೆ ಗಂಡಸೊಬ್ಬ ಆ ಎರಡು ಬಳೆಗಳನ್ನು ಸೇರಿಸಿ ಸರಪಳಿ ಹಾಕಿದರೆ ಅವಳ ಶಕ್ತಿಯೆಲ್ಲ ಹೋಗುತ್ತದೆಂದು ಬರೆದರು. 1942ರಲ್ಲಿ ಅವಳನ್ನು ವೀರರ ಸಂಘಕ್ಕೆ ಸೇರಿಸಿಕೊಂಡರು. ಏನು ಹುದ್ದೆ ಕೊಟ್ಟರು ಗೊತ್ತೇ? ಕಾರ್ಯದರ್ಶಿ. ಲೋಕದಲ್ಲೇ ಬಲಶಾಲಿ ಹೆಣ್ಣು, ಗಂಡಸರು ಯುದ್ಧಕ್ಕೆ ಹೋದಾಗ ಕೂತು ನಡಾವಳಿ ಬರೆಯಬೇಕು! ಮೂವತ್ತು ವರ್ಷ ಕಳೆದು, 1972ರಲ್ಲಿ ಅಲ್ಲಿಯ ಹೆಣ್ಣುಮಕ್ಕಳು ಮಿಸ್ ಎಂಬ ಸ್ತ್ರೀವಾದಿ ಪತ್ರಿಕೆ ತೆಗೆದಾಗ ಮುಖಪುಟಕ್ಕೆ ಅವಳ ಚಿತ್ರವನ್ನೇ ಹಾಕಿದರು. ಕಥೆಯನ್ನು ಕಿತ್ತುಕೊಂಡು ನಮ್ಮದು ಮಾಡಿಕೊಳ್ಳಬಹುದು ಎಂದು ಅವರಿಂದ ಕಲಿಯಬೇಕು.

2022ರಲ್ಲಿ ಬಂದ ಶೀ-ಹಲ್ಕ್ ಧಾರಾವಾಹಿಯ ಮೊದಲ ಕಂತಿನಲ್ಲಿ ಒಂದು ದೃಶ್ಯ ಇದೆ. ಹಲ್ಕ್ ಎಂಬ ಹಸಿರು ದೈತ್ಯನಿಗೆ ಸಿಟ್ಟು ಬಂದರೆ ಊರು ಪುಡಿ. ಅವನ ಶಕ್ತಿ ಅವನ ಚಿಕ್ಕಪ್ಪನ ಮಗಳಂಥ ಸಂಬಂಧದ ಲಾಯರ್ ಹುಡುಗಿಗೆ ಬರುತ್ತದೆ. ಸಿಟ್ಟು ಹಿಡಿತದಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂದು ಅವನು ಪಾಠ ಹೇಳಲು ಬರುತ್ತಾನೆ. ಅವಳು ಅನ್ನುವುದು ಸರಿಸುಮಾರು ಹೀಗೆ: ದಾರಿಯಲ್ಲಿ ಹುಡುಗರು ಚುಡಾಯಿಸಿದಾಗ, ನನ್ನ ಕೆಲಸವನ್ನು ನನಗೇ ಗಂಡಸರು ವಿವರಿಸಿದಾಗ, ನಾನು ದಿನಾ ಸಿಟ್ಟು ನುಂಗುತ್ತೇನೆ, ಇಲ್ಲದಿದ್ದರೆ ಜಗಳಗಂಟಿ ಅನ್ನುತ್ತಾರೆ, ಇಲ್ಲವೇ ಕೊಂದೇ ಬಿಡುತ್ತಾರೆ. ಗಂಡಸಿನ ಸಿಟ್ಟಿನ ಮೇಲೆ ಅರವತ್ತು ವರ್ಷ ಕಾಮಿಕ್ಸ್ ಬರೆದರು. ಹೆಂಗಸಿನ ನುಂಗಿದ ಸಿಟ್ಟಿಗೆ ಸಿಕ್ಕಿದ್ದು ಎರಡು ನಿಮಿಷ, ಆದರೂ ಸಿಕ್ಕಿತಲ್ಲ.

ನಮ್ಮ ದೇಶದ್ದೂ ಇದೆ. 2025ರ ಆಗಸ್ಟಿನಲ್ಲಿ ಮಲಯಾಳದ ಲೋಕಾ ಎಂಬ ಚಿತ್ರ ಬಂತು, ಹೆಣ್ಣೇ ಅತಿಮಾನುಷ ನಾಯಕಿ, ಕಥೆ ನಡೆಯುವುದು ನಮ್ಮ ಬೆಂಗಳೂರ��ನಲ್ಲಿ. ಕೇರಳದ ಹಳೆಯ ಐತಿಹ್ಯದಲ್ಲಿ ನೀಲಿ ಎಂಬ ಯಕ್ಷಿ ಇದ್ದಾಳೆ, ಗಂಡಸರ ರಕ್ತ ಕುಡಿಯುವವಳು, ಮಂತ್ರವಾದಿ ಪಾದ್ರಿಯೊಬ್ಬ ಅವಳನ್ನು ಅಡಗಿಸುತ್ತಾನೆ. ಈ ಚಿತ್ರದಲ್ಲಿ ಅವಳು ಮೊದಲು ಕಾಡಿನ ಜನಾಂಗದ ಹುಡುಗಿ. ರಾಜನ ಕಡೆಯವರು ಅವಳ ಜನರನ್ನು ಕೊಲ್ಲಿಸಿದವರು. ನಮ್ಮಲ್ಲಿ ಬಾಗಿಲ ಮೇಲೆ ನಾಳೆ ಬಾ ಎಂದು ಬರೆದ ಕಾಲ ನೆನಪಿದೆಯಲ್ಲ? ಮೋಹಿನಿ ಬರುತ್ತಾಳೆಂದು ಹೆದರಿದ ಗಂಡಸರು. ನಮ್ಮ ಕಥೆಗಳಲ್ಲಿ ಹೆಣ್ಣಿಗೆ ಬಲ ಬರಬೇಕಾದರೆ ಮೊದಲು ಸಾಯಬೇಕು, ಆಮೇಲೆ ದೆವ್ವವಾಗಬೇಕು. ಬದುಕಿರುವಾಗ ಅವಳ ದೂರನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಸತ್ತ ಮೇಲೆ ಊರೇ ನಡುಗುತ್ತದೆ.

ಆ ಚಿತ್ರದಲ್ಲಿ ಹೆಣ್ಣುಗಳನ್ನು ಕಂಡರೆ ಆಗದ ಒಬ್ಬ ಪೊಲೀಸ್ ಅಧಿಕಾರಿ ಇದ್ದಾನೆ, ಖಳನಾಯಕ. ಅವನು ಬೆಂಗಳೂರಿನ ಹುಡುಗಿಯರ ನಡತೆಯ ಬಗ್ಗೆ ಕೆಟ್ಟ ಮಾತಾಡುತ್ತಾನೆ. ನಮ್ಮ ರಾಜ್ಯದಲ್ಲಿ ಗಲಾಟೆಯಾಯಿತು, ಚಿತ್ರದವರು ಕ್ಷಮೆ ಕೇಳಿ ಮಾತನ್ನು ತಿದ್ದುವುದಾಗಿ ಹೇಳಿದರು. ನಮ್ಮ ಊರಿನ ಹೆಣ್ಣುಮಕ್ಕಳಿಗೆ ಹೀಗೆ ಅಂದರು ಎಂದು ಗಂಡಸರು ಸಿಟ್ಟಾದದ್ದು ನನಗೆ ಸಂತೋಷವೇ. ಆದರೆ ರಾತ್ರಿ ಪಾಳಿ ಮುಗಿಸಿ ಗಾರ್ಮೆಂಟ್ಸಿನಿಂದ, ಆಸ್ಪತ್ರೆಯಿಂದ ಬರುವ ಹುಡುಗಿಯ ಬಗ್ಗೆ ಅದೇ ಮಾತನ್ನು ಬಸ್ ಸ್ಟ್ಯಾಂಡಿನಲ್ಲಿ ನಮ್ಮವರೇ ಆಡಿದಾಗ ಯಾರು ಕ್ಷಮೆ ಕೇಳುತ್ತಾರೆ? ಖಳನ ಬಾಯಲ್ಲಿ ಇದ್ದ ಮಾತು ತೆಗೆಸಿದೆವು. ನಮ್ಮ ಬಾಯಲ್ಲಿ ಇರುವುದು ಹಾಗೇ ಇದೆ.

ನನಗೆ ಹೆಚ್ಚು ಹಿಡಿಸಿದ್ದು ಒಂದು ಸಣ್ಣ ಕಾಮಿಕ್ಸ್ ಪುಸ್ತಕ. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಅತ್ಯಾಚಾರದ ನಂತರ ರಾಮ್ ದೇವಿನೇನಿ ಎಂಬುವರು ಮತ್ತವರ ಗೆಳೆಯರು 2014ರಲ್ಲಿ ತಂದದ್ದು, ಪ್ರಿಯಾಳ ಶಕ್ತಿ ಎಂಬ ಅರ್ಥದ ಹೆಸರು. ಹಳ್ಳಿಯ ಹುಡುಗಿ ಪ್ರಿಯಾ ಅತ್ಯಾಚಾರಕ್ಕೆ ಒಳಗಾಗುತ್ತಾಳೆ, ಮನೆಯವರು ಅವಳನ್ನೇ ದೂರುತ್ತಾರೆ, ಕಾಡಿಗೆ ಹೋಗುತ್ತಾಳೆ. ಕೊನೆಗೆ ಹುಲಿಯ ಮೇಲೆ ಕೂತು ಊರಿಗೆ ತಿರುಗಿ ಬರುತ್ತಾಳೆ. ಬಂದು ಯಾರನ್ನೂ ಕಡಿಯುವುದಿಲ್ಲ, ಮಾತಾಡುತ್ತಾಳೆ. 2016ರ ಎರಡನೆಯ ಪುಸ್ತಕದಲ್ಲಿ ಆಸಿಡ್ ದಾಳಿಗೆ ಸಿಕ್ಕಿದ ಹೆಣ್ಣುಗಳಿಗೆ ಕನ್ನಡಿ ತೋರಿಸುತ್ತಾಳೆ, ನಿಮ್ಮ ಮುಖ ನೀವು ನೋಡಿಕೊಳ್ಳಿ ಎಂದು. ಪುರಾಣದ ದೇವರುಗಳನ್ನೆಲ್ಲ ಎಳೆದು ತಂದದ್ದು ನನಗೆ ಅಷ್ಟು ಬೇಕಿರಲಿಲ್ಲ. ಆದರೆ ಹುಲಿ ಮೇಲೆ ಕೂತು ಬಂದವಳನ್ನು ಊರು ಕೇಳಿಸಿಕೊಂಡಿತು ಎಂಬುದನ್ನು ಗಮನಿಸಿ. ನಮ್ಮಲ್ಲಿ ಹುಲಿ ಇಲ್ಲ. ಒಬ್ಬಳ ಹಿಂದೆ ಹದಿನೈದು ಜನ ಸಂಘದವರು ನಿಂತರೆ ಠಾಣೆಯಲ್ಲಿ ಕುರ್ಚಿ ಹಾಕುತ್ತಾರೆ, ಅದನ್ನು ನಾನು ಕಂಡಿದ್ದೇನೆ, ನೀವೂ ಕಂಡಿದ್ದೀರಿ.

ಕೆಲಸದ ಮಾತಿಗೆ ಬರೋಣ. ಟಿವಿ ಒಡೆದು ಹಾಕಿ, ಮಗನ ಮೊಬೈಲ್ ಕಿತ್ತುಕೊಳ್ಳಿ ಎಂದು ಹೇಳಲು ನಾನು ಬಂದಿಲ್ಲ, ಹೇಳಿದರೂ ನೀವು ಕೇಳುವುದಿಲ್ಲ. ಮಗನ ಪಕ್ಕದಲ್ಲಿ ಕೂತು ನೋಡಿ. ನಾಯಕ ಹುಡುಗಿಯ ಕೈ ಹಿಡಿದೆಳೆದಾಗ, ಅವಳನ್ನು ಕೇಳಿದನೇನೋ ಅವನು ಎಂದು ಒಂದು ಮಾತು ಅನ್ನಿ. ಮಗ ಸಿಡುಕುತ್ತಾನೆ, ಅಮ್ಮ ಸುಮ್ನಿರು ಅನ್ನುತ್ತಾನೆ. ಆದರೂ ಅನ್ನಿ. ವಾರದ ಸಭೆಯಲ್ಲಿ ಉಳಿತಾಯ ಕಟ್ಟಿ ಸಹಿ ಹಾಕಿದ ಮೇಲೆ ಹತ್ತು ನಿಮಿಷ ಆ ವಾರದ ಸೀರಿಯಲ್ಲಿನ ಬಗ್ಗೆಯೇ ಮಾತಾಡಿ. ಹೇಗೂ ಮಾತಾಡುತ್ತೀರಿ. ತನ್ನ ಮನೆಯ ವಿಷಯ ಹೇಳಲಾರದವಳು ಜಾಹ್ನವಿಯ ವಿಷಯ ಹೇಳುತ್ತಾಳೆ. ಹೇಳುವಾಗ ಅವಳ ಮುಖ ನೋಡಿ. ಸಭೆ ಮುಗಿದ ಮೇಲೆ ಅವಳ ಜೊತೆ ಬಾಗಿಲವರೆಗೆ ನಡೆದು ಹೋಗಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಎರಡನ್ನೂ ಪಾಸ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಬರೆದುಕೊಳ್ಳಿ. ಗೋಡೆಯ ಮೇಲೆ ಬರೆದರೆ ಗಂಡ ನೋಡುತ್ತಾನೆ.

ಒಕ್ಕೂಟದ ಅಧ್ಯಕ್ಷರ ಜೊತೆ ಮಾತಾಡಿದ್ದೇನೆ. ಮುಂದಿನ ತಿಂಗಳು ಸಮುದಾಯ ಭವನದಲ್ಲಿ ಆ ಕೋಳಿ ವ್ಯಾಪಾರದ ಚಿತ್ರ ಹಾಕೋಣ. ಮಲಯಾಳ ಬಾರದಿದ್ದರೂ ಚಿಂತೆಯಿಲ್ಲ, ನಮ್ಮ ಸೋದರ ಸೊಸೆ ಮಧ್ಯೆ ಮಧ್ಯೆ ನಿಲ್ಲಿಸಿ ಹೇಳುತ್ತಾಳೆ. ಗಂಡಸರನ್ನು ಕರೆಯಬೇಕೋ ಬೇಡವೋ ಎಂದು ನಿಮ್ಮಲ್ಲೇ ಎರಡು ಅಭಿಪ್ರಾಯ ಇದೆಯಂತೆ. ಹಿಂದಿನ ಸಾಲಿನ ಅಮ್ಮ ಆಗಲೇ ಕೈ ಎತ್ತಿದ್ದಾರೆ. ಹೇಳಿ ಅಮ್ಮ, ಮೊದಲು ನೀವೇ ಹೇಳಿ.